ಮೂವರು ಯೂದರು, ಒಬ್ಬ ಉಪದೇಶಿ

ಉಪದೇಶಿಯಾಗಿ ಕೆಲಸಕ್ಕೆ ಸೇರಿದವನು ಉಪದೇಶಿಯಾಗಿಯೇ ನಿವೃತ್ತನಾಗುತ್ತಾನೆ. ಮೇಲೆ ಹೋಗಬೇಕೆಂದರೆ ನೇರ ಸ್ವರ್ಗಕ್ಕೇ ಹೋಗಬೇಕು, ನಡುವೆ ಬೇರೆ ಹುದ್ದೆ ಇಲ್ಲ. ಆದ್ದರಿಂದ ನನ್ನ ಬಡ್ತಿಯ ಕಥೆ ಕೇಳಬೇಕೆಂದು ಕುಳಿತವರು ಈಗಲೇ ಎದ್ದು ಹೋಗಿ ಚಹಾ ಕುಡಿದು ಬರಬಹುದು.

ಹುಬ್ಬಳ್ಳಿಯ ನಮ್ಮ ಚರ್ಚಿನಲ್ಲಿ ಈಗ ಭಾನುವಾರ ಮಕ್ಕಳಿಗೆ ಧರ್ಮೋಪದೇಶ ಕಲಿಸಲು ಬರುವ ತರುಣ ತರುಣಿಯರು, ‘ಸರ್, ನಿಮ್ಮ ಅನುಭವ ಬರೆದುಕೊಡ್ರಿ’ ಎಂದು ಗಂಟುಬಿದ್ದರು. ಹೊಗಳಿಕೆಗೆ ಉಬ್ಬಿ ಹೂಂ ಅಂದೆ. ಪೆನ್ನು ಹಿಡಿದ ಮೇಲೆ ನನಗೆ ನೆನಪಾದದ್ದೆಲ್ಲ ನಾನು ಮಾಡಿದ ತಪ್ಪುಗಳೇ. ಹೆಂಡತಿ ತೆರೇಜಾಳಿಗೆ ಹೇಳಿದರೆ, “ಬರದ್ರ ಖರೇ ಬರೀರಿ, ಇಲ್ಲಾಂದ್ರ ಮಧ್ಯಾಹ್ನ ಆರಾಮ ಮಲಕೋರಿ” ಅಂದಳು. ಮಲಗಿ ನೋಡಿದೆ. ನಿದ್ದೆ ಬರಲಿಲ್ಲ. ಅದಕ್ಕೆ ಬರೆಯುತ್ತಿದ್ದೇನೆ.

ಕ್ಯಾಥೋಲಿಕ್ ಚರ್ಚಿನ ಉಪದೇಶಿ ಅಂದರೆ ಪಾದ್ರಿಯಲ್ಲ. ಪಾದ್ರಿಯ ಬಲಗೈ, ಎಡಗೈ, ಬಹಳ ಸಲ ಕಾಲು. ಹೆಂಡತಿ ಮಕ್ಕಳಿರುವ ಸಂಸಾರಸ್ಥ. ಮಕ್ಕಳಿಗೆ ಜಪ ಕಲಿಸಬೇಕು, ಪೂಜೆಯಲ್ಲಿ ಮೊದಲ ಸಲ ದೇವರ ಪ್ರಸಾದ ತೆಗೆದುಕೊಳ್ಳುವ ‘ಪ್ರಥಮ ಪರಮಪ್ರಸಾದ’ಕ್ಕೆ ಅವರನ್ನು ಅಣಿಮಾಡಬೇಕು, ರೋಗಿಗಳ ಮನೆಗೆ ಹೋಗಬೇಕು, ಹಳ್ಳಿಗಳಲ್ಲಿ ಚದುರಿಕೊಂಡಿರುವ ನಮ್ಮ ಒಂದೊಂದೇ ಮನೆಯನ್ನು ಹುಡುಕಿಕೊಂಡು ಹೋಗಿ ಹಬ್ಬದ ತಾರೀಖು ಹೇಳಿ ಬರಬೇಕು. ಶಿರಗುಪ್ಪಿಗೆ ಸೈಕಲ್, ಉಪ್ಪಿನಬೆಟಗೇರಿಗೆ ಬಸ್ಸು. ಶಿರಗುಪ್ಪಿಯಲ್ಲಿ ಒಮ್ಮೆ ಒಬ್ಬ ಗೌಡರು ನನ್ನ ಚೀಲದಲ್ಲಿದ್ದ ತೀರ್ಥದ ಬಾಟಲಿ ನೋಡಿ, “ಮಾಸ್ತರ, ನಮ್ಮ ಎತ್ತು ಮೂರು ದಿನ ಆತು ಮೇವು ಮುಟ್ಟವಲ್ದು, ಒಂದೀಟು ಸಿಂಪಡಿಸಿ ಹೋಗ್ರಿ” ಅಂದರು. ಸಿಂಪಡಿಸಿದೆ. ಎತ್ತು ತಿಂದಿತು. ಮುಂದಿನ ವಾರ ಏಳು ಎತ್ತು, ಎರಡು ಎಮ್ಮೆ ಸಾಲಾಗಿ ನಿಂತಿದ್ದವು. ಈ ಕೆಲಸ ಹೇಗೆ ಹಬ್ಬಿಕೊಳ್ಳುತ್ತದೆ ಎಂಬುದಕ್ಕೆ ಈ ಮಾತು ಬರೆದೆ.

ನಾನು ಸೇರಿದಾಗ ನನಗೆ ಯಾವ ತರಬೇತಿಯೂ ಇರಲಿಲ್ಲ. ನನಗಿಂತ ಮುಂಚಿನ ಉಪದೇಶಿ ಇಗ್ನಾಸಪ್ಪನವರು ನಿವೃತ್ತರಾಗುವ ದಿನ ಒಂದು ಸೈಕಲ್ಲು, ಒಂದು ಗಂಟೆ, ಒಂದು ನೋಟುಬುಕ್ಕು ಕೈಗಿಟ್ಟು, “ಸೈಕಲ್ಲಿಗೆ ಬ್ರೇಕ್ ಇಲ್ಲ, ಪುಸ್ತಕದಾಗ ಎಲ್ಲಾ ಐತಿ” ಅಂದರು. ಎರಡೂ ಮಾತು ನಿಜ. ನೋಟುಬುಕ್ಕಿನಲ್ಲಿ ಐದನೇ ಪಾಠ, ಯೇಸುಸ್ವಾಮಿಯ ಪಾಡು, ಅಂದರೆ ಅವರು ಶಿಲುಬೆಯ ಮೇಲೆ ಸತ್ತ ಕಥೆ. ಅದರಲ್ಲಿ ನೀಲಿ ಶಾಯಿಯಲ್ಲಿ ಒಂದು ಸಾಲು: ‘ಯೂದನಿಂದ ಯೆಹೂದ್ಯರು ಎಂಬ ಹೆಸರು ಬಂತು.’

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಯೂದ ಅಂದರೆ ಯೇಸುವಿನ ಹನ್ನೆರಡು ಶಿಷ್ಯರಲ್ಲಿ ಒಬ್ಬ, ಮುದ್ದಿಟ್ಟು ಗುರುವನ್ನು ಹಿಡಿದುಕೊಟ್ಟವನು. ಯೆಹೂದ್ಯರು ಅಂದರೆ ಆ ನಾಡಿನ ಜನ, ಬೈಬಲಿನ ಮೊದಲ ಭಾಗವಾದ ಹಳೆಯ ಒಡಂಬಡಿಕೆಯ ಜನ. ಕನ್ನಡದಲ್ಲಿ ಎರಡೂ ಹೆಸರು ಅಣ್ಣತಮ್ಮಂದಿರ ಹಾಗೆ ಕೇಳಿಸುತ್ತವೆ. ಇಗ್ನಾಸಪ್ಪನವರು ಕಿವಿ ಹೇಳಿದ್ದನ್ನು ಬರೆದಿಟ್ಟರು. ನಾನು ಅಷ್ಟಕ್ಕೆ ಸುಮ್ಮನಿದ್ದರೆ ಆಗುತ್ತಿತ್ತು. ನನಗೆ ಆಗ ಇಪ್ಪತ್ತೈದು ವಯಸ್ಸು, ಪದ್ಯ ಕಟ್ಟುವ ಚಟ. ಮಕ್ಕಳಿಗೆ ನೆನಪಿರಲಿ ಎಂದು ಪ್ರಾಸ ಹೊಸೆದೆ:

ಯೂದನ ಮಕ್ಕಳು ಯೆಹೂದ್ಯರು,
ಯೇಸುನ ಮಕ್ಕಳು ನಾವೆಲ್ಲರು.

ಇಂಥ ಯಶಸ್ಸು ನನ್ನ ಬೇರೆ ಯಾವ ಪಾಠಕ್ಕೂ ಸಿಗಲಿಲ್ಲ. ಹತ್ತು ಕಟ್ಟಳೆಗಳನ್ನು ಕೇಳಿದರೆ ಆರಕ್ಕೆ ತಡವರಿಸುವ ಹುಡುಗರು ಇದನ್ನು ನಿದ್ದೆಯಲ್ಲೂ ಹೇಳುತ್ತಿದ್ದರು. ಹುಡುಗಿಯರು ಕುಂಟೆಬಿಲ್ಲೆ ಆಡುವಾಗ ಇದಕ್ಕೇ ಹೆಜ್ಜೆ ಹಾಕುತ್ತಿದ್ದರು. ಆಟದಲ್ಲಿ ಮೋಸ ಮಾಡಿದವನಿಗೆ ‘ಏ ಯೆಹೂದ್ಯ!’ ಅನ್ನುವ ರೂಢಿ ಬಂತು. ನಾನು ಜಗುಲಿಯ ಮೇಲೆ ನಿಂತು ಕೇಳಿ, ಮೀಸೆ ತಿರುವಿಕೊಂಡೆ. ಸುಮಾರು ಹದಿನೈದು ವರ್ಷ ತಿರುವಿಕೊಂಡೆ.

ಇನ್ನೊಂದು ನೆನಪಾಯಿತು. ನಮ್ಮ ಕಡೆ ಮಕ್ಕಳು ಯಾರ ಬಗ್ಗೆ ಕೇಳಿದರೂ ಮೊದಲು ಕೇಳುವುದು ಜಾತಿ. ಒಂದು ಹುಡುಗಿ ಎದ್ದು ನಿಂತು, “ಸರ್, ಮರಿಯಮ್ಮ ಯಾವ ಪೈಕಿ ರೀ?” ಅಂದಳು. ನಾನು ಒಂದು ಗಳಿಗೆಯೂ ತಡೆಯದೆ, “ಕ್ಯಾಥೋಲಿಕ್” ಅಂದೆ.

“ಯೋಸೇಫಪ್ಪಾ?”

“ಅವರೂ ಕ್ಯಾಥೋಲಿಕ್ಕ.”

“ಮತ್ತ ಯೇಸುಸ್ವಾಮಿ ಹುಟ್ಟೂಕಿಂತ ಮೊದ್ಲ ಇವರು ಯಾವ ಚರ್ಚಿಗೆ ಹೋಗ್ತಿದ್ರು ರೀ?”

ಗಂಟೆ ಬಾರಿಸಿ ತರಗತಿ ಬಿಟ್ಟೆ. ಹೊಸಬರಿಗೆ ನನ್ನ ಮೊದಲ ಬುದ್ಧಿವಾದ: ಗಂಟೆ ಯಾವಾಗಲೂ ಕೈಗೆಟಕುವಂತೆ ಇಟ್ಟುಕೊಳ್ಳಿ.

ನನ್ನ ಕಣ್ಣು ತೆರೆಸಿದವರು ಫಾದರ್ ಸಿಲ್ವೆಸ್ಟರ್, ಖಾನಾಪುರದ ಕಡೆಯವರು. ತೆಳ್ಳಗಿನ ಮೈ, ಮೆಲುದನಿ, ಬೈಯುವುದೇ ಗೊತ್ತಿಲ್ಲ. ಇಂಥ ಮೇಲಧಿಕಾರಿಗಳ ಕೈಕೆಳಗೆ ಕೆಲಸ ಮಾಡುವುದು ಬಹಳ ಕಷ್ಟ. ಬೈದರೆ ಒಳಗೊಳಗೇ ತಿರುಗಿ ಬೈದು ಹಗುರಾಗಬಹುದು. ಇವರು ಪ್ರಶ್ನೆ ಕೇಳಿ ನಗುತ್ತ ನಿಂತುಬಿಡುತ್ತಿದ್ದರು.

ಅವರು ಬಂದ ವರ್ಷ, ಈಸ್ಟರಿಗೆ ಮುಂಚಿನ ನಲವತ್ತು ದಿನದ ತಪಸ್ಸುಕಾಲದಲ್ಲಿ ನಾನು ಶುಭ ಶುಕ್ರವಾರದ ಪಾಡಿನ ನಾಟಕ ಕಲಿಸುತ್ತಿದ್ದೆ. ಈ ನಾಟಕಕ್ಕೆ ಪ್ರತಿವರ್ಷ ಒಂದೇ ಜಗಳ. ಎಲ್ಲರಿಗೂ ರೋಮನ್ ಸೈನಿಕರ ಪಾತ್ರವೇ ಬೇಕು, ಏಕೆಂದರೆ ಅವರಿಗೆ ತಗಡಿನ ಶಿರಸ್ತ್ರಾಣ, ಅದರ ಮೇಲೆ ಕೆಂಪು ಬಣ್ಣ ಬಳಿದ ಕಸಬರಿಗೆಯ ಕುಚ್ಚು. ಯೆಹೂದ್ಯರ ಪಾತ್ರ ಯಾರಿಗೂ ಬೇಡ. ಒತ್ತಾಯದಿಂದ ಹಿಡಿದು ತಂದವರಿಗೆ ಆಡಿನ ಕೂದಲಿನ ಕರಿಗಡ್ಡ ಅಂಟಿಸುತ್ತಿದ್ದೆವು. ಅದಕ್ಕೆ ಹಚ್ಚುವ ಅಂಟು ಮೂರು ದಿನ ತುರಿಸುತ್ತಿತ್ತು. ಪಾಪ, ಆ ತುರಿಕೆಯ ಸಿಟ್ಟೆಲ್ಲ ಅಭಿನಯದಲ್ಲಿ ಬರುತ್ತಿತ್ತು.

ಫಾದರ್ ತಾಲೀಮು ನೋಡಲು ಬಂದು ನನ್ನ ಪಕ್ಕ ಬೆಂಚಿನ ಮೇಲೆ ಕುಳಿತರು.

“ಮಾಸ್ತರ, ಈ ಕರೀಗಡ್ಡದವರು ಯಾರು?”

“ಯೆಹೂದ್ಯರ್ರಿ ಫಾದರ್.”

“ಆ ಕಡೆ ಬಿಳೀ ಬಟ್ಟಿ ಹಾಕ್ಕೊಂಡು ನಿಂತವರು?”

“ಯೇಸುಸ್ವಾಮಿ, ಮರಿಯಮ್ಮ, ಪೇತ್ರ, ಯೊವಾನ್ನ ರೀ.”

“ಹಾಂ. ಮತ್ತ ಅವರು ಯಾರು?”

“ಅವರ ರೀ... ನಮ್ಮವರು.”

ಫಾದರ್ ನಕ್ಕರು. ಅಷ್ಟರಲ್ಲಿ ಹಿಂದೆ ಆಡುತ್ತಿದ್ದ ಮಕ್ಕಳು ನನ್ನ ಪದ್ಯ ಶುರು ಮಾಡಿದರು. ಫಾದರ್ ಎರಡು ಸಲ ಕೇಳಿದರು, ಮೂರನೇ ಸಲ ಕೈಯಿಂದ ತಾಳ ಹಾಕಿದರು. ನನಗೆ ಹೆಮ್ಮೆಯೋ ಹೆಮ್ಮೆ. “ಪ್ರಾಸ ಛಲೋ ಕುಂತೈತಿ. ಯಾರ್ದು?” ಅಂದರು. “ನಂದ ರೀ” ಅಂದೆ. “ಸಂಜಿಗೆ ಬಂಗಲೇಕ ಬರ್ರಿ, ಚಾ ಕುಡಿಯೂಣು” ಅಂದರು. ಬಹುಮಾನ ಕೊಡುತ್ತಾರೆ ಅಂತಲೇ ತಿಳಿದು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋದೆ.

ಚಹಾದ ಜೊತೆ ನಾಲ್ಕು ಪುಟದ ಒಂದು ಕಾಗದ ಇಟ್ಟಿದ್ದರು. ರೋಮಿನಲ್ಲಿ ಜಗತ್ತಿನ ಧರ್ಮಾಧ್ಯಕ್ಷರೆಲ್ಲ ಸೇರಿದ ಮಹಾಸಭೆಯ ಮಾತು ಅದರಲ್ಲಿತ್ತು. ನಾನು ಚಿಕ್ಕ ಹುಡುಗನಿದ್ದಾಗಲೇ ಮುಗಿದುಹೋದ ಸಭೆ. ಯೇಸುವಿನ ಸಾವಿನ ತಪ್ಪನ್ನು ಅಂದಿನ ಎಲ್ಲ ಯೆಹೂದ್ಯರ ಮೇಲೂ ಇಂದಿನ ಯೆಹೂದ್ಯರ ಮೇಲೂ ಹೊರಿಸಬಾರದು, ದೇವರು ಅವರನ್ನು ಕೈಬಿಟ್ಟಿಲ್ಲ, ನಮ್ಮ ಬೇರು ಅವರಲ್ಲೇ ಇದೆ ಎಂಬುದು ಅದರ ಸಾರ. ಶುಭ ಶುಕ್ರವಾರದ ಪ್ರಾರ್ಥನೆಯಲ್ಲಿ ಹಿಂದೆ ಅವರಿಗೆ ಹಚ್ಚುತ್ತಿದ್ದ ಒರಟು ಮಾತನ್ನೂ ಎಂದೋ ತೆಗೆದುಹಾಕಿ, ದೇವರು ಮೊದಲು ಮಾತನಾಡಿದ್ದು ಆ ಜನರೊಡನೆ ಎಂದು ಬರೆದಿದ್ದರು. ಆ ಹೊಸ ಪ್ರಾರ್ಥನೆಯನ್ನು ನಾನೇ ಪ್ರತಿವರ್ಷ ಗಟ್ಟಿಯಾಗಿ ಓದುತ್ತಿದ್ದೆ! ಓದುವವನಿಗೆ ಅರ್ಥವಾಗಲೇಬೇಕೆಂಬ ನಿಯಮ ಎಲ್ಲಿದೆ? ರೋಮಿನಿಂದ ಹೊರಟ ಮಾತು ನನ್ನ ಬಾಯಿಗೆ ಬಂದಿತ್ತು, ತಲೆಗೆ ಬರುವುದಕ್ಕೆ ಪ್ಯಾಸೆಂಜರ್ ಗಾಡಿ ಹಿಡಿದಿತ್ತು.

“ಯೆಹೂದ್ಯರ ಹೆಸರು ಬಂದಿದ್ದು ಹಳೇ ಒಡಂಬಡಿಕ್ಯಾಗಿನ ಯಾಕೋಬನ ನಾಲ್ಕನೇ ಮಗ ಯೆಹೂದನಿಂದ, ಮಾಸ್ತರ. ಯೇಸು ಹುಟ್ಟೂಕಿಂತ ಸಾವಿರಕ್ಕೂ ಹೆಚ್ಚು ವರ್ಷ ಹಿಂದಿನಾಂವ. ಯೇಸುಸ್ವಾಮಿನೂ ಅವನ ವಂಶದವರ. ಗುರುವಿನ್ನ ಹಿಡಕೊಟ್ಟ ಯೂದಗೂ ಅದ ಹೆಸರು ಇಟ್ಟಿದ್ರು, ನಮ್ಮ ಕಡೆ ಓಣಿಗೆ ನಾಕು ಬಸಪ್ಪ ಇದ್ದಂಗ.”

ನಾನು ಬಸಿಯಲ್ಲಿ ಮುಖ ಹುದುಗಿಸಿ ಚಹಾ ಹೀರಿದೆ.

“ಗುರುವಾರ ನೊವೇನಾಕ್ಕ ಎಷ್ಟು ಮಂದಿ ಬರ್ತಾರ?” ಎಂದು ಕೇಳಿದರು. ನೊವೇನಾ ಅಂದರೆ ಸಂತರ ಮುಂದೆ ಒಂಬತ್ತು ವಾರ ಮಾಡುವ ಹರಕೆಯ ಪ್ರಾರ್ಥನೆ. ಗುರುವಾರ ನಮ್ಮ ಚರ್ಚಿನಲ್ಲಿ ಕಾಲಿಡಲು ಜಾಗ ಇರುವುದಿಲ್ಲ, ಹಿಂದೂಗಳೂ ಮುಸಲ್ಮಾನರೂ ಮೇಣದಬತ್ತಿ ಹಿಡಿದು ಬರುತ್ತಾರೆ.

“ಚರ್ಚ್ ತುಂಬ್ತೈತ್ರಿ ಫಾದರ್.”

“ಯಾವ ಸಂತರ್ದು?”

“ಸಂತ ಯೂದ ತ...” ಅಲ್ಲಿಗೆ ನನ್ನ ನಾಲಿಗೆ ಸಿಕ್ಕಿಕೊಂಡಿತು. ಸಂತ ಯೂದ ತದ್ದೇಯುಸ್. ಕೈಲಾಗದ ಕೆಲಸಗಳ ಪಾಲಕ ಸಂತ, ಅದೇ ಹನ್ನೆರಡು ಜನರಲ್ಲಿ ಇನ್ನೊಬ್ಬ ಯೂದ. ಹದಿನೈದು ವರ್ಷ ಭಾನುವಾರ ಒಬ್ಬ ಯೂದನನ್ನು ಬೈದು, ಗುರುವಾರ ಇನ್ನೊಬ್ಬ ಯೂದನಿಗೆ ಬತ್ತಿ ಹಚ್ಚಿದ್ದೆ. ಮೂರನೆಯವನು, ಯಾಕೋಬನ ಮಗ, ಇದ್ದದ್ದೇ ಗೊತ್ತಿರಲಿಲ್ಲ.

ಆ ವರ್ಷ ನಾಟಕದಲ್ಲಿ ರೋಮನ್ನರನ್ನು ಬಿಟ್ಟು ಎಲ್ಲರಿಗೂ ಒಂದೇ ಬಟ್ಟೆ ಎಂದು ಫಾದರ್ ತೀರ್ಮಾನಿಸಿದರು. ಅಷ್ಟು ಬಿಳಿ ಬಟ್ಟೆ ಇರಲಿಲ್ಲ, ಸಭಾಭವನದ ಹಳೆಯ ಕಂದು ಪರದೆ ಕತ್ತರಿಸಿ ಎಲ್ಲರಿಗೂ ಹೊಲಿಸಿದೆವು. ನಾಟಕ ಮುಗಿದ ಮೇಲೆ ಇಗ್ನಾಸಪ್ಪನವರು ಕೋಲೂರಿಕೊಂಡು ಬಂದು, “ಏನು ನಾಟಕ ಇದು? ಕೆಟ್ಟವರು ಯಾರು, ಒಳ್ಳೇವ್ರು ಯಾರು ಒಂದೂ ಗೊತ್ತಾಗವಲ್ದು” ಎಂದು ರೇಗಿದರು. “ಅದಕ್ಕ ಹಂಗ ಮಾಡೀವಿ ಅಜ್ಜಾರ” ಅಂದರು ಫಾದರ್.

ಮುಂದಿನ ಭಾನುವಾರದಿಂದ ನಾನು ಹೊಸ ಪಾಠ ಶುರು ಮಾಡಿದೆ. ನೋಟುಬುಕ್ಕಿನ ಆ ಸಾಲಿನ ಮೇಲೆ ಗೆರೆ ಎಳೆದೆ. ಪದ್ಯ ಹಾಡಿದರೆ ಗದರಿಸಿದೆ. ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಹದಿನೈದು ವರ್ಷ ಕಲಿತು ಹೊರಗೆ ಹೋದವರ ಬಗ್ಗೆ ಯೋಚನೆಯನ್ನೇ ಮಾಡಲಿಲ್ಲ. ಶಾಲೆಯ ಮಾಸ್ತರಿಗೂ ಇದೇ ರೋಗ ಇರುತ್ತದೆ, ಎದುರಿಗೆ ಕುಳಿತವರಷ್ಟೇ ವಿದ್ಯಾರ್ಥಿಗಳು ಎಂದು ತಿಳಿಯುವುದು.

ಆಮೇಲೆ ಕೆಲವು ವರ್ಷಕ್ಕೆ ಮಿರಿಯಮ್ ಬಾಯಿ ಬಂದರು. ಬಂದರು ಅಂದರೆ ತಪ್ಪಾಗುತ್ತದೆ, ಅವರು ಮೊದಲಿನಿಂದ ರೈಲ್ವೆ ಕಾಲೋನಿಯಲ್ಲೇ ಇದ್ದರು. ನಾನು ಕಂಡದ್ದು ಆಗ. ಗಂಡ ಗೂಡ್ಸ್ ಗಾಡಿಯ ಗಾರ್ಡ್. ಇವರು ಮನೆಯಲ್ಲಿ ಹತ್ತನೆಯ ತರಗತಿಯ ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತಿದ್ದರು. ಮೂರು ಸಲ ಲೆಕ್ಕದಲ್ಲಿ ನಪಾಸಾಗಿದ್ದ ನನ್ನ ಮಗಳು ಶೋಭಾಳನ್ನು ಅವರಲ್ಲಿಗೆ ಕರೆದುಕೊಂಡು ಹೋದಾಗ, “ಶನಿವಾರ ಒಂದು ಬಿಟ್ಟು ಎಲ್ಲಾ ದಿನ ಕಳಸ್ರಿ” ಅಂದರು. ಶನಿವಾರ ಏಕಿಲ್ಲ ಎಂದು ಕೇಳಿದೆ. “ಶನಿವಾರ ನಾವು ಕೆಲಸ ಮುಟ್ಟಂಗಿಲ್ರಿ. ನಾವು ಯಹೂದಿ” ಅಂದರು.

ನಾನು ಜೀವನದಲ್ಲಿ ಮೊದಲ ಸಲ ಯೆಹೂದ್ಯರೊಬ್ಬರನ್ನು ನೋಡಿದ್ದು ಆಗಲೇ. ಆರು ಗಜದ ಸೀರೆ, ಹಣೆಯ ಮೇಲೆ ಹಚ್ಚೆ ಬೊಟ್ಟು, ಮರಾಠಿ ಬೆರೆತ ಹುಬ್ಬಳ್ಳಿ ಕನ್ನಡ, ಕೈಯಲ್ಲಿ ಸೀಮೆಸುಣ್ಣ. ಆಡಿನ ಕೂದಲಿನ ಗಡ್ಡ ಎಲ್ಲೂ ಇರಲಿಲ್ಲ.

ಅವರ ಹಿರಿಯರು ಕೊಂಕಣದ ಕರಾವಳಿಯವರು. ಹುಬ್ಬಳ್ಳಿಯಲ್ಲಿ ತಮ್ಮ ಜಾತಿ ತಿಳಿಸಿ ಹೇಳಲು ಪಟ್ಟ ಪಾಡನ್ನು ಅವರು ನಗುತ್ತ ಹೇಳುತ್ತಿದ್ದರು. ಕಿರಾಣಿ ಅಂಗಡಿಯ ಅಜ್ಜ ಒಬ್ಬರು ಮೊದಲ ದಿನವೇ, “ಯಾವ ಪೈಕಿ ರೀ ಬಾಯಾರ?” ಎಂದು ಕೇಳಿದರಂತೆ.

“ಯಹೂದಿ ರೀ.”

“ಯಾದವರೇನ್ರಿ? ಛಲೋ ಆತು. ಹಾಲು ಮಾರಾವ್ರು.”

“ಯಾದವರಲ್ರಿ ಅಜ್ಜಾರ. ನಮ್ಮ ಹಿರ್ಯಾರು ಕೊಂಕಣದಾಗ ಎಣ್ಣಿ ಗಾಣಾ ನಡಸ್ತಿದ್ರು. ಶನಿವಾರ ಗಾಣಾ ನಿಲ್ಲಸ್ತಿದ್ರು. ಅದಕ್ಕ ಅಲ್ಲೆ ನಮಗ ಶನಿವಾರ ತೇಲಿ ಅಂತಾರ.”

ಅಜ್ಜ ತಕ್ಕಡಿ ಕೆಳಗಿಟ್ಟು ಎದ್ದೇ ನಿಂತರಂತೆ. “ಗಾಣಿಗೇರು! ಹಂಗಾರ ನಮ್ಮವರ! ನಾವು ಸೋಮವಾರ ಗಾಣಕ್ಕ ಎತ್ತು ಕಟ್ಟಂಗಿಲ್ಲ, ನೀವು ಶನಿವಾರ ಕಟ್ಟಂಗಿಲ್ಲ. ವಾರ ಅಷ್ಟ ಫರಕ್ ನೋಡ್ರಿ.” ಅವತ್ತಿನಿಂದ ಆ ಅಂಗಡಿಯಲ್ಲಿ ಅವರಿಗೆ ಕುಸುಬಿ ಎಣ್ಣೆ ಅಳೆಯುವಾಗ ಅಳತೆಯ ಮೇಲೆ ಒಂದು ಕೈ ಜಾಸ್ತಿ ಬೀಳುತ್ತಿತ್ತು.

ಎಲ್ಲ ಸರಿಯಾಗಿತ್ತು. ನಮ್ಮ ಊರಲ್ಲಿ ಯೆಹೂದ್ಯರು ಅಂದರೆ ಯಾರೆಂದು ಯಾರಿಗೂ ಗೊತ್ತಿರಲಿಲ್ಲ, ಆದ್ದರಿಂದ ಯಾರಿಗೂ ಅವರ ಮೇಲೆ ಸಿಟ್ಟಿರಲಿಲ್ಲ. ಗೊತ್ತಿದ್ದವರು ನಾವು ಕ್ಯಾಥೋಲಿಕರು ಮಾತ್ರ. ನಮಗೆ ಗೊತ್ತಿದ್ದದ್ದು ತಪ್ಪು, ಮತ್ತು ಅದನ್ನು ಕಲಿಸಿದವನು ನಾನು.

ಶೋಭಾ ಲೆಕ್ಕದಲ್ಲಿ ಪಾಸಾದಳು. ಅದೇ ವರ್ಷ ಮಿರಿಯಮ್ ಬಾಯಿಯ ಗಂಡ ತೀರಿಕೊಂಡರು. ರೈಲ್ವೆ ಕ್ವಾರ್ಟರ್ಸ್ ಬಿಡಬೇಕಾಯಿತು. ಮಕ್ಕಳಿರಲಿಲ್ಲ. ಮುಂಬೈಯಲ್ಲಿ ತಂಗಿಯ ಮನೆ ಇತ್ತು, ಅದೂ ಇಕ್ಕಟ್ಟಿನದು. ಬಾಯಿಗೆ ಹುಬ್ಬಳ್ಳಿ ಬಿಡುವ ಮನಸ್ಸಿರಲಿಲ್ಲ. “ಇಪ್ಪತ್ತೆರಡು ಹುಡುಗೂರು ಅದಾರ ಮಾಸ್ತರ. ನಡು ವರ್ಷದಾಗ ಹೆಂಗ ಬಿಟ್ಟು ಹೋಗ್ಲಿ? ಅಲ್ಲಿ ಹೋಗಿ ನಾ ಏನು ಮಾಡ್ಲಿ, ತಂಗಿ ಮನ್ಯಾಗ ಕುಂತು ಬಟಾಣಿ ಸುಲೀಲೇನು?” ಅಂದರು. ಕ್ವಾರ್ಟರ್ಸ್ ಬಿಡಲು ಒಂದು ತಿಂಗಳು ಉಳಿದಿತ್ತು. ದೇಶಪಾಂಡೆ ನಗರದಲ್ಲಿ ನೋಡಿದರು, ಬಾಡಿಗೆ ಕೈಗೆಟಕಲಿಲ್ಲ. ಹುಡುಗರು ನಡೆದು ಬರುವಷ್ಟು ಹತ್ತಿರ ಬೇರೆ ಎಲ್ಲೂ ಎರಡು ಕೋಣೆ ಖಾಲಿ ಇರಲಿಲ್ಲ.

“ನಾ ಅದೀನಲ್ರಿ, ಚಿಂತಿ ಮಾಡಬ್ಯಾಡ್ರಿ” ಎಂದು ನಾನು ದೊಡ್ಡಸ್ತಿಕೆ ತೋರಿಸಿದೆ. ನನ್ನ ಹಳೆಯ ವಿದ್ಯಾರ್ಥಿ ಲಿಗೋರಿ, ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್, ಚರ್ಚಿನ ಹಿಂದೆ ಸ್ವಂತ ಮನೆ. ಕೆಳಗೆ ಎರಡು ಕೋಣೆ ಖಾಲಿ ಇತ್ತು. ಹೇಳಿ ಕಳಿಸಿದೆ. “ನೀವು ಹೇಳಿದ ಮ್ಯಾಲೆ ಮುಗೀತ್ರಿ ಸರ್” ಅಂದ. ಬಾಯಿ ಹೋಗಿ ನೋಡಿ, ಒಪ್ಪಿ, ಕಿಟಕಿಯ ಅಳತೆಯನ್ನೂ ತೆಗೆದುಕೊಂಡು ಬಂದರು. ಹೊರಡುವ ಮುಂದೆ ಲಿಗೋರಿಯ ಹೆಂಡತಿ ಫಿಲೋಮಿನಾಗೆ, “ಕೆಳಗ ಅಂಗಳದಾಗ ಹಂದಿ ಮಾಂಸ ತೊಳೀಬ್ಯಾಡ್ರಿ ನಮ್ಮವ್ವ, ನಮಗ ಆಗಂಗಿಲ್ಲ” ಅಂದರಂತೆ.

“ಮುಸಲ್ಮಾನರೇನ್ರಿ ಬಾಯಾರ?”

“ಅಲ್ಲವಾ. ಯಹೂದಿ.”

ಮರುದಿನವೇ ಲಿಗೋರಿ ಬಾಯಿಯ ಮನೆಗೆ ಹೋಗಿ, ಕೋಣೆ ಕೊಡಲಾಗುವುದಿಲ್ಲ ಎಂದು ಹೇಳಿ ಬಂದ. ಕಾರಣ ಕೇಳಿದ್ದಕ್ಕೆ ತಲೆ ಕೆರೆದುಕೊಂಡು, “ಯೂದನ ಮಂದಿ ಮನ್ಯಾಗ ಇದ್ರ ಮನಸ್ಸಿಗೆ ಒಂಥರಾ ಆಗ್ತೈತ್ರಿ” ಅಂದನಂತೆ.

ಬಾಯಿ ನೇರ ನನ್ನ ಮನೆಗೆ ಬಂದರು. ಸಿಟ್ಟು ಇರಲಿಲ್ಲ, ಅದೇ ನನಗೆ ಹೆಚ್ಚು ಕಷ್ಟವಾಯಿತು. ಕುರ್ಚಿಯಲ್ಲಿ ಕುಳಿತು, “ಮಾಸ್ತರ, ಈ ಯೂದ ಅಂದ್ರ ಯಾರ್ರಿ?” ಎಂದು ಕೇಳಿದರು.

ಹೇಳಿದೆ. ನೋಟುಬುಕ್ಕು, ಪದ್ಯ, ಹದಿನೈದು ವರ್ಷ, ಒಂದನ್ನೂ ಬಚ್ಚಿಡಲಿಲ್ಲ. ತೆರೇಜಾ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದಳು, ಅವಳ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ.

“ಆಮ್ಯಾಲ ತಿದ್ದಿದೆ ರೀ ಬಾಯಾರ. ಆ ಸಾಲು ಹೊಡದು ಹಾಕೇನಿ” ಅಂದೆ.

“ಯಾರ ಪುಸ್ತಕದಾಗ?”

“ನನ್ನ ಪುಸ್ತಕದಾಗ ರೀ.”

ಅವರು ಶೋಭಾಳಿಗೆ ಲೆಕ್ಕ ಬಿಡಿಸುವ ಧ್ವನಿಯಲ್ಲಿ ಹೇಳಿದರು: “ಲೆಕ್ಕ ತಪ್ಪಿದ್ರ ಕಡೀ ಉತ್ತರ ಒರಸಿದ್ರ ಆಗಂಗಿಲ್ಲ ಮಾಸ್ತರ. ಯಾವ ಮೆಟ್ಟಿಲದಾಗ ತಪ್ತು ನೋಡಿ ಅಲ್ಲಿಂದ ಮತ್ತ ಮಾಡಬೇಕು. ನಡೀರಿ, ನಿಮ್ಮ ಹುಡುಗನ ಮನೀಗೆ ಹೋಗೂಣು. ನಾನೂ ಬರ್ತೇನಿ.”

ಭಾನುವಾರ ಪೂಜೆ ಮುಗಿಸಿ ಹೋದೆವು. ಲಿಗೋರಿ ಅಂಗಳದಲ್ಲಿ ಸ್ಕೂಟರ್ ಬಿಚ್ಚಿಕೊಂಡು ಕುಳಿತಿದ್ದ. ಮೂವತ್ತರ ಆಸುಪಾಸಿನ ಗಟ್ಟಿಮುಟ್ಟಾದ ಆಳು, ಕೈತುಂಬ ಗ್ರೀಸು. “ಬರ್ರಿ ಸರ್” ಎಂದು ಎದ್ದವನು ಹಿಂದೆ ಬಾಯಿಯನ್ನು ನೋಡಿ ಮುಖ ಬಾಗಿಸಿದ. ಫಿಲೋಮಿನಾ ನೀರು ತಂದಿಟ್ಟು ಒಳಗೆ ಹೋಗದೆ ಅಲ್ಲೇ ನಿಂತಳು.

ನಾನು ನಿಂತುಕೊಂಡೇ ಪಾಠ ಹೇಳಿದೆ. ಯಾಕೋಬನ ಮಗ ಯೆಹೂದ, ಹಿಡಿದುಕೊಟ್ಟ ಯೂದ, ಗುರುವಾರದ ಸಂತ ಯೂದ. ಅಷ್ಟು ಚೆನ್ನಾಗಿ ನಾನು ಯಾವ ತರಗತಿಯಲ್ಲೂ ಕಲಿಸಿರಲಿಲ್ಲ. ಲಿಗೋರಿ ನಟ್ಟು ಬಿಚ್ಚುವ ಪಾನಾವನ್ನು ಚಿಂದಿಯಲ್ಲಿ ಒರೆಸುತ್ತ ಕೇಳಿಸಿಕೊಂಡ.

“ಸರ್, ಒಂದು ಮಾತು ಕೇಳ್ಲೇನ್ರಿ? ಇದು ತಪ್ಪಂದ್ರ, ಬಾಕಿ ಕಲಿಸಿದ್ದು?”

ಉಪದೇಶಿಯ ಜೀವಮಾನದಲ್ಲಿ ಇದಕ್ಕಿಂತ ಕಷ್ಟದ ಪ್ರಶ್ನೆ ಇಲ್ಲ. ಕೈಯಲ್ಲಿ ಗಂಟೆಯೂ ಇರಲಿಲ್ಲ.

“ಬಾಕಿದ್ದು ಚರ್ಚಿಂದು, ಲಿಗೋರಿ. ಇದೊಂದು ಹಾಡು ನಂದು. ಚರ್ಚಿಗೆ ಗೊತ್ತಾದ ಮ್ಯಾಲೂ ನನಗ ಗೊತ್ತಾಗಿರ್ಲಿಲ್ಲ.”

ಅವನು ಪಾನಾ ಕೆಳಗಿಟ್ಟ. “ನನಗ ಗೊತ್ತಿತ್ರಿ” ಅಂದ.

ನನಗೆ ಅರ್ಥವಾಗಲಿಲ್ಲ.

“ಪ್ರಥಮ ಪರಮಪ್ರಸಾದಕ್ಕ ಮೊದ್ಲ ನೀವು ಬಾಯಿಮಾತಿನ ಪರೀಕ್ಷಾ ತಗೊಂಡ್ರಿ, ನೆನಪೈತೇನ್ರಿ? ಯೇಸುಸ್ವಾಮಿ ಯಾವ ಜನದಾಗ ಹುಟ್ಟಿದ್ರು ಅಂತ ನನಗ ಕೇಳಿದ್ರಿ. ನಾ ಯೆಹೂದ್ಯರಾಗ ಅಂದೆ. ನಮ್ಮ ಶಿಲುಬಿ ಮ್ಯಾಲಿನ ಹಲಗ್ಯಾಗ ‘ಯೆಹೂದ್ಯರ ಅರಸ’ ಅಂತ ಕನ್ನಡದಾಗ ಬರದೈತಲ್ರಿ, ಅದನ್ನ ಓದಿದ್ದೆ. ನೀವು ಕೆಂಪಗಾಗಿ, ‘ಯೇಸುಗ ಯೂದನ ಮಗಾ ಅಂತೀಯೇನ್ಲೇ’ ಅಂದು ನಪಾಸ್ ಮಾಡಿದ್ರಿ. ಎಲ್ಲಾರೂ ಪ್ರಸಾದ ತಗೊಂಡ್ರು. ನಾ ಹಿಂದಿನ ಬೆಂಚಿನ್ಯಾಗ ಕುಂತಿದ್ದೆ. ಅವ್ವ ಬಿಳೀ ಅಂಗಿ ಹೊಲಿಸಿ ಇಟ್ಟಿದ್ಲು. ಮುಂದಿನ ವರ್ಷ ಅದು ಗಿಡ್ಡ ಆತು, ನನ್ನ ತಮ್ಮ ಹಾಕ್ಕೊಂಡ. ಆ ಶಬ್ದ ಕೇಳಿದ್ರ ನನಗ ಇವತ್ತಿಗೂ ಆ ಹಿಂದಿನ ಬೆಂಚ ನೆನಪಾಗ್ತೈತ್ರಿ ಸರ್. ಬಾಯಾರ ಮ್ಯಾಲೆ ಏನೂ ಸಿಟ್ಟಿಲ್ಲ.”

ಏನೂ ನೆನಪಿರಲಿಲ್ಲ ನನಗೆ. ಎಷ್ಟು ಜ್ಞಾಪಿಸಿಕೊಂಡರೂ ಆ ಹುಡುಗನ ಮುಖ ಬರಲಿಲ್ಲ. ಅವನಿಗೆ ಅಂಗಿಯ ಅಳತೆಯೂ ನೆನಪಿದೆ, ನನಗೆ ಆ ದಿನವೇ ಇಲ್ಲ. ಸಾವಿರ ತಪ್ಪು ಮಾಡಿದ್ದೇನೆ, ನಕ್ಕು ಮರೆತಿದ್ದೇನೆ. ಇದಕ್ಕೆ ನಗು ಬರಲಿಲ್ಲ, ನಾಚಿಕೆಯಾಯಿತು. ಸರಿಯಾದ ಉತ್ತರ ಹೇಳಿದ ಒಂಬತ್ತು ವರ್ಷದ ಮಗುವಿಗೆ ದೇವರ ಪ್ರಸಾದ ತಪ್ಪಿಸಿದ್ದೆ. ಎರಡೂ ಕೈ ಜೋಡಿಸಿದೆ.

“ಕೈ ಮುಗೀಬ್ಯಾಡ್ರಿ ಸರ್” ಎಂದು ಲಿಗೋರಿ ಗಾಬರಿಯಾದ. “ನೀವು ಕೈ ಮುಗದ್ರ ನನಗೇನೂ ಸಿಗಂಗಿಲ್ಲ. ಆ ಪ್ರಶ್ನೆ ಮತ್ತ ಕೇಳ್ರಿ.”

“ಈಗೇನೋ?”

“ಈಗ ರೀ. ಇವರ ಮುಂದ ಕೇಳ್ರಿ.”

ಗ್ರೀಸು ಮೆತ್ತಿದ ಕೈಗಳನ್ನು ಎದೆಯ ಮೇಲೆ ಕಟ್ಟಿ, ಕಾಲು ಜೋಡಿಸಿ ನಿಂತ. ಬನಿಯನ್ ಮೇಲೆ ಎರಡು ಕಪ್ಪು ಗುರುತು ಮೂಡಿದವು. ಫಿಲೋಮಿನಾ ನಗಬೇಕೋ ಅಳಬೇಕೋ ತಿಳಿಯದೆ ಸೆರಗಿನ ತುದಿ ಕಚ್ಚಿದಳು. ಮಿರಿಯಮ್ ಬಾಯಿ ಮಾತ್ರ ಪರೀಕ್ಷೆಯ ಕೋಣೆಯಲ್ಲಿ ನಿಂತ ಹಾಗೆ, “ಗಡಿಬಿಡಿ ಮಾಡಬ್ಯಾಡಪಾ. ವಿಚಾರ ಮಾಡಿ ಉತ್ತರಾ ಹೇಳು” ಅಂದರು.

ನಾನು ಕೇಳಿದೆ. “ಯೇಸುಸ್ವಾಮಿ ಯಾವ ಜನದಾಗ ಹುಟ್ಟಿದರು?”

ಲಿಗೋರಿ ನನ್ನ ಮುಖ ನೋಡಿದ, ಬಾಯಿಯ ಮುಖ ನೋಡಿದ.

“ಯೆಹೂದ್ಯರಾಗ ರೀ ಸರ್.”

“ಪಾಸ್” ಅಂದೆ. ಅವನು ಇನ್ನೂ ಕೈ ಕಟ್ಟಿಕೊಂಡೇ ನಿಂತಿದ್ದ. “ಪಾಸಾದಿ, ಲಿಗೋರಿ” ಎಂದು ಇನ್ನೊಮ್ಮೆ ಹೇಳಬೇಕಾಯಿತು.

ಅವನು ಬಚ್ಚಲಿಗೆ ಹೋಗಿ ಬಹಳ ಹೊತ್ತು ಕೈ ತೊಳೆದ. ಬರುವಾಗ ಕಣ್ಣು ಕೆಂಪಾಗಿದ್ದವು, ಕೈಯಲ್ಲಿ ಬೀಗದ ಕೈ ಇತ್ತು. ಬಾಯಿಯ ಮುಂದೆ ಹಿಡಿದು, “ತಪ್ಪಾತ್ರಿ ಬಾಯಾರ. ಬರ್ರಿ, ಒಳಗ ಇನ್ನೊಮ್ಮೆ ನೋಡ್ರಿ” ಅಂದ.

ಎಲ್ಲರೂ ಕೆಳಗಿನ ಕೋಣೆಗೆ ಹೋದೆವು. ಮುಂದಿನ ಗೋಡೆಯ ಮೇಲೆ ಲಿಗೋರಿಯ ತಂದೆ ತೂಗುಹಾಕಿದ್ದ ಯೇಸುಸ್ವಾಮಿಯ ದೊಡ್ಡ ಪಟ ಇತ್ತು. ಲಿಗೋರಿ ಅದನ್ನೂ ಬಾಯಿಯನ್ನೂ ನೋಡಿ ಸಂಕೋಚದಿಂದ, “ಇದು ಇರ್ಲೇನ್ರಿ, ತೆಗೀಲೇನ್ರಿ?” ಎಂದು ಕೇಳಿದ.

“ತೆಗಿ ತಮ್ಮಾ. ನಮ್ಮ ಮನ್ಯಾಗ ದೇವರ ಚಿತ್ರಾ ಇಡೂ ಪದ್ಧತಿ ಇಲ್ಲ” ಅಂದರು ಬಾಯಿ.

ಲಿಗೋರಿ ಸ್ಟೂಲ್ ಎಳೆದು ಹತ್ತಿದ. ಮೊಳೆಯಿಂದ ದಾರ ಬಿಚ್ಚಲು ಹೋದಾಗ ಪಟ ವಾಲಿತು. ಮಿರಿಯಮ್ ಬಾಯಿ ಮುಂದೆ ಬಂದು ಎರಡೂ ಕೈ ಮೇಲೆತ್ತಿ ಕೆಳಗಿನ ಅಂಚು ಹಿಡಿದುಕೊಂಡರು.

“ಸಾವಕಾಶ,” ಅಂದರು. “ನಮ್ಮ ಮಂದಿ ಹುಡುಗ ಅಂವ.”